ಹರಕೆಯ ತಗಡಿಗೆ ಎಂಥ ಗೋಡೆ?

ಮೆಕ್ಸಿಕೊದ ಹರಕೆಚಿತ್ರಗಳ ಮಾತು ಬಂದಾಗಲೆಲ್ಲ ಚರ್ಚೆ ಚಿತ್ರದ ಒಳಗೇ ಗಿರಕಿ ಹೊಡೆಯುತ್ತದೆ. ಮೇಲೆ ಮೋಡದ ನಡುವೆ ಮೇರಿ ಮಾತೆಯೋ ಒಬ್ಬ ಸಂತನೋ, ನಡುವೆ ಗಣಿ ಕುಸಿದು ಸಿಕ್ಕಿಬಿದ್ದವನೋ ಹಾಸಿಗೆ ಹಿಡಿದ ಹೆಂಗಸೋ, ಕೆಳಗೆ ಊರು, ಹೆಸರು, ತಾರೀಖು ಸಮೇತ ನಾಲ್ಕು ಸಾಲಿನ ಕೃತಜ್ಞತೆ. ಇವನ್ನೆಲ್ಲ ಹೊತ್ತ ತಗಡು ಗೋಡೆಯ ಮೇಲೆ ಹೇಗೆ ನಿಂತಿದೆ, ಒಂಟಿಯಾಗಿಯೋ ಗುಂಪಿನಲ್ಲೋ, ಬರೀ ಮೊಳೆಯ ಮೇಲೋ ಗಾಜಿನ ಹಿಂದೋ ಎಂಬುದನ್ನು ಮಾತ್ರ ಮೊಳೆ ಹೊಡೆಯುವವನ ತಲೆನೋವು ಎಂದು ಬಿಟ್ಟುಬಿಡುತ್ತೇವೆ. ನನಗೆ ಅದೇ ದೊಡ್ಡ ಪ್ರಶ್ನೆಯಾಗಿ ಕಾಣುತ್ತದೆ. ಕ್ಯಾನ್ವಾಸನ್ನು ಯಾವ ಗೋಡೆಗೆ ಒಯ್ದರೂ ಅದು ಚಿತ್ರವಾಗಿಯೇ ಇರುತ್ತದೆ. ಹರಕೆಯ ತಗಡು ಒಂದು ಗೋಡೆಯ ಮೇಲೆ ಸಾಕ್ಷಿ ಹೇಳುತ್ತದೆ, ಇನ್ನೊಂದರ ಮೇಲೆ ಅಲಂಕಾರವಾಗುತ್ತದೆ, ಮತ್ತೊಂದರ ಮೇಲೆ ಕಲಾಕೃತಿಯೆಂಬ ಬಿರುದು ಹೊತ್ತು ಬಾಯಿ ಮುಚ್ಚಿ ಕೂರುತ್ತದೆ. ತೂಗುಹಾಕುವ ರೀತಿಗಳಲ್ಲಿ ಯಾವುದು ಅದರ ಬಾಯಿ ಕಟ್ಟುತ್ತದೆ, ಯಾವುದು ಬಿಚ್ಚುತ್ತದೆ ಎಂದು ನೋಡುವುದೇ ಇಲ್ಲಿನ ಕೆಲಸ.

ಮೊದಲು ತಗಡು. ಕಷ್ಟ ಪರಿಹಾರವಾದರೆ ಚಿತ್ರ ಬರೆಸಿ ಗುಡಿಗೆ ಒಪ್ಪಿಸುವ ರೂಢಿ ಸ್ಪೇನಿನವರ ಜೊತೆ ಮೆಕ್ಸಿಕೊಗೆ ಬಂತು. ಶುರುವಿನಲ್ಲಿ ಅದು ಕ್ಯಾನ್ವಾಸು, ಮರದ ಹಲಗೆಗೆ ದುಡ್ಡು ಸುರಿಯಬಲ್ಲ ಉಳ್ಳವರ ಬಾಬತ್ತು. 19ನೇ ಶತಮಾನದಲ್ಲಿ ಕಾರ್ಖಾನೆಯ ತಗಡು ಅಗ್ಗವಾಗಿ ಸಿಗತೊಡಗಿದ ಮೇಲೆ ಹರಕೆಚಿತ್ರ ಕೂಲಿಯವನ ಕೈಗೂ ಬಂತು. ಕಬ್ಬಿಣದ ತೆಳು ಹಾಳೆಯ ಎರಡೂ ಬದಿಗೆ ತವರದ ಲೇಪ. ನಮ್ಮಲ್ಲಿ ಪಾತ್ರೆಗೆ ಹಾಕುವ ಕಲಾಯಿಯೇ ಇದು. ಹಾಳೆಯ ಪೂರ್ತಿ ಅಳತೆ 14x20 ಇಂಚು. ಅರ್ಧ ಕತ್ತರಿಸಿದರೆ 10x14, ಅದನ್ನೂ ಅರ್ಧ ಮಾಡಿದರೆ 7x10, ಮತ್ತೂ ಅರ್ಧಕ್ಕೆ 5x7. ಇಂದು ಮ್ಯೂಸಿಯಂಗಳಲ್ಲಿರುವ ಹರಕೆಚಿತ್ರಗಳ ಅಳತೆ ತೆಗೆದು ನೋಡಿದರೆ ಬಹುಪಾಲು ಈ ಲೆಕ್ಕಕ್ಕೇ ಕೂರುತ್ತವೆ. ಯಾವ ಗಾತ್ರದ ಚಿತ್ರ ಎನ್ನುವುದು ಚಿತ್ರಗಾರನ ಕಲ್ಪನೆಗಿಂತ ಬರೆಸುವವನ ಜೇಬಿನ ಮೇಲೆ ನಿಂತಿತ್ತು.

ಬಣ್ಣ ಬಳಿದ ತಗಡಿನಲ್ಲೂ ಎರಡು ಜಾತಿ. ಒಂದು ಮನೆಯ ದೇವರಪೀಠಕ್ಕೆ ಬರೆಸಿದ ಸಂತರ ಚಿತ್ರ. ಅದಕ್ಕೆ ತಗಡಿನಲ್ಲೇ ಉಬ್ಬು ಕೆತ್ತನೆ ಮಾಡಿದ ಚೌಕಟ್ಟು, ಕೆಲವೊಮ್ಮೆ ಗಾಜು, ಹೂವು. ಇನ್ನೊಂದು ಗುಡಿಗೆ ಒಪ್ಪಿಸುವ ಹರಕೆಯ ತಗಡು. ಅದಕ್ಕೆ ಅಲಂಕಾರದ ಹಂಗಿಲ್ಲ. ಮೇಲಂಚಿನ ನಡುವೆ ಒಂದು ತೂತು ಕೊರೆದು ಮೊಳೆಗೆ ಸಿಕ್ಕಿಸಿದರೆ ಮುಗಿಯಿತು. 0.3 ಮಿಲಿಮೀಟರ್ ದಪ್ಪದ 10x14 ಇಂಚಿನ ತಗಡು ಲೆಕ್ಕಕ್ಕೆ ಸುಮಾರು 200 ಗ್ರಾಂ ತೂಗುತ್ತದೆ. ಅದೇ ತಗಡಿಗೆ ಮರದ ಫ್ರೇಮು, ಎರಡು ಮಿಲಿಮೀಟರಿನ ಗಾಜು, ಹಿಂಬದಿಗೆ ಹಲಗೆ ಹಾಕಿಸಿ ನೋಡಿ, ತೂಕ ಒಂದು ಕಿಲೋದ ಹತ್ತಿರ ಬರುತ್ತದೆ. ಐದರಲ್ಲಿ ನಾಲ್ಕು ಪಾಲು ಹರಕೆಗೆ ಸಂಬಂಧವೇ ಇಲ್ಲದ ಸಾಮಾನು.

ಹಾಗಾದರೆ ಮೊಳೆಯೇ ಸರಿ, ಮಿಕ್ಕದ್ದೆಲ್ಲ ಆಡಂಬರ ಎಂದು ತೀರ್ಪು ಕೊಟ್ಟು ಏಳಬಹುದಿತ್ತು. ಲೋಹ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಕಬ್ಬಿಣಕ್ಕೆ ಸತುವಿನ ಲೇಪ ಇದ್ದರೆ ಗೀರು ಬಿದ್ದ ಜಾಗದಲ್ಲಿ ಸತು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ತವರದ ಸ್ವಭಾವ ಉಲ್ಟಾ. ಲೇಪ ಅಖಂಡವಾಗಿರುವ ತನಕ ಕಾವಲು; ಒಂದು ಕಡೆ ಸೀಳಿದರೆ ಅಲ್ಲಿನ ಕಬ್ಬಿಣ ಬರೀ ಕಬ್ಬಿಣಕ್ಕಿಂತ ಬೇಗ ತುಕ್ಕು ಹಿಡಿಯುತ್ತದೆ. ಕತ್ತರಿಸಿದ ನಾಲ್ಕು ಅಂಚು ಮತ್ತು ಮೊಳೆಯ ತೂತು, ತುಕ್ಕು ಒಳನುಗ್ಗುವ ಬಾಗಿಲುಗಳು ಇವೇ. ಹಳೆಯ ಹರಕೆಚಿತ್ರವನ್ನು ಹತ್ತಿರದಿಂದ ನೋಡಿದರೆ ತೂತಿನ ಸುತ್ತ ಕಂದು ಉಂಗುರ, ಅದರ ಸುತ್ತ ಬಣ್ಣ ಎದ್ದು ಹಕ್ಕಳೆಯಾದ ಇನ್ನೊಂದು ಉಂಗುರ ಕಾಣುತ್ತದೆ. ತೂತು ಮೇಲಂಚಿನ ನಡುವೆ ಇರುವುದರಿಂದ ಆ ತುಕ್ಕು ಹರಡುವುದೂ ಮೋಡದ ಮೇಲಿನ ಸಂತನ ಕಡೆಗೇ. ಎಣ್ಣೆಬಣ್ಣ ಬಟ್ಟೆಯೊಳಗೆ ಇಳಿಯುವ ಹಾಗೆ ಲೋಹದೊಳಗೆ ಇಳಿಯುವುದಿಲ್ಲ. ಮೇಲೆ ಕೂತಿರುತ್ತದೆ ಅಷ್ಟೆ. ತಗಡು ಬಾಗಿದರೆ, ಮೂಲೆ ಮಡಚಿದರೆ ಬಣ್ಣ ಸಿಡಿಯುತ್ತದೆ. ಹರಕೆಯನ್ನು ಗೋಡೆಗೆ ಏರಿಸಿದ ಮೊಳೆಯೇ ಅದನ್ನು ತಿನ್ನಲೂ ಶುರುಮಾಡಿರುತ್ತದೆ. ಸಂರಕ್ಷಣೆ ಮಾಡುವವರು ಮೊಳೆ ಕಂಡರೆ ಮುಖ ಸಿಂಡರಿಸುವುದಕ್ಕೆ ಕಾರಣ ಇದೆ.

ಇಷ್ಟು ತಿಳಿದುಕೊಂಡು ಮೊದಲು ಗುಡಿಯ ಗೋಡೆಗೇ ಹೋಗೋಣ. ಸಾನ್ ಲೂಯಿಸ್ ಪೊತೊಸಿ ರಾಜ್ಯದ ಬೆಟ್ಟದ ಮೇಲೆ ರಿಯಾಲ್ ದೆ ಕತೋರ್ಸೆ ಎಂಬ ಹಳೆಯ ಬೆಳ್ಳಿಗಣಿಯ ಊರಿದೆ. ಅಲ್ಲಿನ ಚರ್ಚಿನ ಅಸಿಸಿಯ ಸಂತ ಫ್ರಾನ್ಸಿಸ್‌ಗೆ ಹರಕೆ ಹೊತ್ತವರ ತಗಡುಗಳು ಗೋಡೆ ತುಂಬ ಇವೆ. ಗ್ವಾನಾಹ್ವಾತೊ ನಗರದ ಕಾತಾ ಗಣಿಯ ಪಕ್ಕದ ಗುಡಿಯಲ್ಲಿ ವಿಯಾಸೆಕಾದ ಸ್ವಾಮಿ ಎನ್ನುವ ಕ್ರಿಸ್ತನ ಮೂರ್ತಿಗೆ ಗಣಿ ಕಾರ್ಮಿಕರು ಒಪ್ಪಿಸಿದವು ಇವೆ. ಇಂಥ ಗೋಡೆಗಳಲ್ಲಿ ಕ್ರಮ ಎಂಬುದಿಲ್ಲ. ಮೊನ್ನೆ ಬಂದದ್ದು ನೂರು ವರ್ಷದ ಹಿಂದಿನದರ ಮಗ್ಗುಲಿಗೆ, ದೊಡ್ಡದರ ಮೇಲೆ ಸಣ್ಣದು ಅರ್ಧ ಹತ್ತಿ ಕೂತದ್ದೂ ಉಂಟು. ಮೇಲಿನ ಸಾಲಿನ ಬರಹ ಓದಲು ಏಣಿ ಬೇಕು. ಮೇಣದಬತ್ತಿಯ ಹೊಗೆ ಬೇರೆ. ಚಿತ್ರ ನೋಡಲು ಹೋದವನಿಗೆ ಇದಕ್ಕಿಂತ ಕೆಟ್ಟ ಗ್ಯಾಲರಿ ಸಿಗಲಿಕ್ಕಿಲ್ಲ.

ಆದರೂ ಈ ಗೋಡೆಗೆ ನಾನು ಹೆಚ್ಚಿನ ಅಂಕ ಕೊಡುತ್ತೇನೆ. ನಮ್ಮ ದೇವಸ್ಥಾನಗಳಲ್ಲಿ ಕಣ್ಣುಬೇನೆ ವಾಸಿಯಾದವರು ಬೆಳ್ಳಿಯ ಕಣ್ಣು ಒಪ್ಪಿಸುತ್ತಾರೆ, ಕಾಲು ನೆಟ್ಟಗಾದವರು ಬೆಳ್ಳಿಯ ಕಾಲು. ಅದು ಹುಂಡಿಗೆ ಬೀಳುತ್ತದೆ. ಯಾರ ಕಣ್ಣು, ಯಾವೂರಿನ ಕಾಲು ಎಂದು ಕೇಳುವವರಿಲ್ಲ. ದೇವರಿಗೆ ಗೊತ್ತಿದ್ದರೆ ಸಾಕು. ಮೆಕ್ಸಿಕೊದ ಭಕ್ತನಿಗೆ ಅಷ್ಟು ಸಾಲದು. ಇಂಥ ಊರಿನ ಇಂಥವಳು, ಇಂಥ ದಿನ ಹೀಗಾಯಿತು, ಈ ಸಂತ ಕಾಪಾಡಿದ ಎಂದು ನಾಲ್ಕು ಜನರ ಮುಂದೆ ಒಪ್ಪಿಕೊಂಡರೇ ಹರಕೆ ತೀರುವುದು. ಸಾಕ್ಷಿಗೆ ಬಲ ಬರುವುದು ಸಂಖ್ಯೆಯಿಂದ. ಒಂದು ತಗಡು ಒಬ್ಬನ ಮಾತು. ಗೋಡೆ ತುಂಬ ತಗಡು ಇದ್ದರೆ ಹೊಸದಾಗಿ ಕಷ್ಟ ಹೊತ್ತು ಬಂದವನಿಗೆ ಅದು ಭರವಸೆ. ಅವನು ಒಂದೊಂದನ್ನೂ ಓದುವುದಿಲ್ಲ; ಗೋಡೆಯನ್ನು ಒಟ್ಟಾಗಿ ನೋಡುತ್ತಾನೆ. ಒತ್ತೊತ್ತಾಗಿ, ಅಂಚಿಗೆ ಅಂಚು ತಾಗಿಸಿ ಹೊಡೆದದ್ದು ಜಾಗದ ಕೊರತೆಯಿಂದಲೇ ಆಗಿದ್ದರೂ ಫಲ ಮಾತ್ರ ಯಾವ ಪ್ರದರ್ಶನ ವಿನ್ಯಾಸಕನೂ ಉದ್ದೇಶಪಟ್ಟು ಸಾಧಿಸಲಾರದ್ದು.

ಈ ಗೋಡೆಯಿಂದ ತಗಡು ಕಳಚಿದ ಕಥೆ ಪ್ರತ್ಯೇಕವಾಗಿ ಹೇಳಬೇಕಾದದ್ದು. 1920ರ ದಶಕದಲ್ಲಿ ಕ್ರಾಂತಿಯ ನಂತರದ ಮೆಕ್ಸಿಕೊ ತನ್ನ ಜನಪದ ಕಲೆಯನ್ನು ಹೊಸ ಕಣ್ಣಿನಿಂದ ನೋಡಲು ಶುರುಮಾಡಿತು. ಚಿತ್ರಗಾರ ಡಿಯೇಗೊ ರಿವೇರಾ 1925ರಲ್ಲಿ ಈ ತಗಡುಗಳ ಬಗ್ಗೆ ಬರೆದು, ಮೆಕ್ಸಿಕನ್ ಜನರ ನಿಜವಾದ ಚಿತ್ರಕಲೆ ಇದ್ದರೆ ಇದೊಂದೇ ಎಂಬ ಧಾಟಿಯಲ್ಲಿ ಹೊಗಳಿದರು. ಲೇಖಕಿ ಆನಿತಾ ಬ್ರೆನ್ನರ್ 1929ರ ತಮ್ಮ ಪುಸ್ತಕದಲ್ಲಿ ಇವಕ್ಕೆ ಜಾಗ ಕೊಟ್ಟರು. ಹೊಗಳಿಕೆ ಒಳ್ಳೆಯದೇ, ಅದರ ಬಿಲ್ಲು ಮಾತ್ರ ಗುಡಿಗಳು ಕಟ್ಟಿದವು. ಕಲೆಯೆಂದು ಹೆಸರಾದ ವಸ್ತುವಿಗೆ ಬೆಲೆ ಬರುತ್ತದೆ, ಬೆಲೆ ಬಂದದ್ದು ಮೊಳೆಯ ಮೇಲೆ ಉಳಿಯುವುದಿಲ್ಲ. 1938ರಲ್ಲಿ ಫ್ರೆಂಚ್ ಕವಿ ಆಂದ್ರೆ ಬ್ರೆತೊನ್ ಮೆಕ್ಸಿಕೊಗೆ ಬಂದು, ದೇಶಭ್ರಷ್ಟರಾಗಿ ಅಲ್ಲಿದ್ದ ರಷ್ಯದ ಕ್ರಾಂತಿಕಾರಿ ಟ್ರಾಟ್ಸ್ಕಿಯ ಜೊತೆ ತಿರುಗಾಡಿದಾಗ ಒಂದು ಚರ್ಚಿನ ಗೋಡೆಯಿಂದ ಕೆಲವು ಹರಕೆಚಿತ್ರಗಳನ್ನು ಕಿತ್ತು ಕೋಟಿನೊಳಗೆ ಸೇರಿಸಿಕೊಂಡರು. ಟ್ರಾಟ್ಸ್ಕಿಗೆ ಅದು ಹಿಡಿಸಲಿಲ್ಲ ಎಂದು ಅವರ ಕಾರ್ಯದರ್ಶಿಯಾಗಿದ್ದ ವಾನ್ ಹೈಯೆನೋರ್ಟ್ ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ. ದೇವರಿಲ್ಲವೆನ್ನುವ ಇಬ್ಬರು ದೇವರ ಗುಡಿಯಲ್ಲಿ ಕಳ್ಳತನದ ಬಗ್ಗೆ ಮುನಿಸಿಕೊಂಡದ್ದು ತಮಾಷೆಯಾಗಿದೆ, ಇರಲಿ. ಇಲ್ಲಿ ಮುಖ್ಯವಾದದ್ದು ಕೋಟು. ಫ್ರೇಮಿಲ್ಲದ, ಗಾಜಿಲ್ಲದ, ಒಂದೇ ಮೊಳೆಯ ಮೇಲಿನ 200 ಗ್ರಾಂ ತಗಡು ಕಳ್ಳನಿಗೂ ಅಷ್ಟೇ ಅನುಕೂಲ. ಮರುವರ್ಷ ಪ್ಯಾರಿಸ್ಸಿನಲ್ಲಿ ಬ್ರೆತೊನ್ ನಡೆಸಿದ ಮೆಕ್ಸಿಕೊ ಪ್ರದರ್ಶನದಲ್ಲಿ ಫ್ರಿಡಾ ಕಾಲೊ ಅವರ ಚಿತ್ರಗಳ ಜೊತೆ ಹರಕೆಚಿತ್ರಗಳೂ ಇದ್ದವು. ಗುಡಿಯ ಸಾಕ್ಷಿಗಳು ಗ್ಯಾಲರಿಯ ಕುತೂಹಲಗಳಾಗಿ ಬಡ್ತಿ ಪಡೆದಿದ್ದವು.

ಫ್ರಿಡಾ ಕಾಲೊ (1907–1954) ಕೂಡ ಸಂಗ್ರಾಹಕಿಯೇ. ನಾನೂರಕ್ಕೂ ಹೆಚ್ಚು ಹರಕೆಚಿತ್ರಗಳನ್ನು ಕೂಡಿಹಾಕಿದ್ದರು. ಮೆಕ್ಸಿಕೊ ಸಿಟಿಯ ಕೊಯೊವಾಕಾನ್ ಬಡಾವಣೆಯ ಅವರ ನೀಲಿ ಮನೆ 1958ರಿಂದ ಮ್ಯೂಸಿಯಂ. ಅಲ್ಲಿನ ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ತಗಡುಗಳನ್ನು ಒತ್ತಾಗಿ ಏರಿಸಿದ್ದಾರೆ. ಗುಡಿಯನ್ನು ಬಿಟ್ಟು ಬೇರೆ ಕಡೆ ಹರಕೆಯ ತಗಡನ್ನು ಹೇಗೆ ತೂಗುಹಾಕಬೇಕು ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಈ ಗೋಡೆಯನ್ನು. ಗುಂಪು ಇಲ್ಲಿಯೂ ಉಳಿದಿದೆ. ಜೊತೆಗೆ ಮೆಟ್ಟಿಲಿನದೇ ಒಂದು ಉಪಕಾರ ಇದೆ: ಹತ್ತುವವನ ಕಣ್ಣಿನ ಎತ್ತರ ಹೆಜ್ಜೆಹೆಜ್ಜೆಗೂ ಬದಲಾಗುವುದರಿಂದ ಗುಡಿಯಲ್ಲಿ ಕೈಗೆಟುಕದ ಮೇಲಿನ ಸಾಲು ಇಲ್ಲಿ ನಾಲ್ಕು ಮೆಟ್ಟಿಲು ಏರಿದರೆ ಮುಖದ ಮುಂದೆ ಬರುತ್ತದೆ. ಏಣಿಯ ಕೆಲಸವನ್ನು ಮನೆಯೇ ಮಾಡುತ್ತದೆ. ಬೆಳಕು ಪಕ್ಕದಿಂದ ಬಿದ್ದಾಗ ತಗಡಿನ ಉಬ್ಬುತಗ್ಗು, ಮಡಚಿದ ಮೂಲೆ ಎದ್ದು ಕಾಣುತ್ತವೆ. ಇದು ಬಟ್ಟೆಯೂ ಅಲ್ಲ, ಹಲಗೆಯೂ ಅಲ್ಲ ಎಂದು ಗೊತ್ತಾಗುತ್ತದೆ.

ದೋಷವೂ ಇದೆ. ಮೆಟ್ಟಿಲು ನಿಲ್ಲುವ ಜಾಗ ಅಲ್ಲ. ಹಿಂದಿನಿಂದ ಜನ ನೂಕುತ್ತಿರುತ್ತಾರೆ, ಮುಂದೆ ಫ್ರಿಡಾ ಅವರ ಹಾಸಿಗೆ, ಈಸಲ್ಲು, ಗಾಲಿಕುರ್ಚಿ ಕಾಯುತ್ತಿರುತ್ತವೆ. ಪ್ರತಿ ತಗಡಿನಲ್ಲೂ ಒಬ್ಬರ ಜೀವ ಉಳಿದ ಕಥೆ ಇದ್ದರೂ ಇಲ್ಲಿ ಅವು ಒಬ್ಬ ಪ್ರಸಿದ್ಧ ಚಿತ್ರಗಾರ್ತಿಯ ಸ್ಫೂರ್ತಿಯ ಮೂಲ ಎಂಬ ಒಂದೇ ಶೀರ್ಷಿಕೆಯಡಿ ಕರಗಿಬಿಡುತ್ತವೆ. ಗುಡಿಯಲ್ಲಿ ಇವು ಸಂತನಿಗೆ ಸೇರಿದ್ದವು, ಇಲ್ಲಿ ಫ್ರಿಡಾಗೆ. ಸಂಗ್ರಾಹಕರ ಪ್ರೀತಿಗೆ ಈ ಗುಣ ಇರುವುದು ಹೊಸದೇನೂ ಅಲ್ಲ.

ಆ ಪ್ರೀತಿಯ ತೀರಾ ವಿಚಿತ್ರ ಉದಾಹರಣೆ ಅವರೇ ತಿದ್ದಿದ ಒಂದು ತಗಡು. ಫ್ರಿಡಾ 1925ರಲ್ಲಿ ಬಸ್ಸು ಅಪಘಾತಕ್ಕೆ ಸಿಕ್ಕು ಜನ್ಮಪೂರ್ತಿ ನರಳಿದವರು. ಮುಂದೆ 1940ರ ಸುಮಾರಿಗೆ, ತಮ್ಮ ಅಪಘಾತವನ್ನೇ ಹೋಲುವ ಯಾರದೋ ಹಳೆಯ ಹರಕೆಚಿತ್ರ ಅವರ ಕೈಗೆ ಬಿತ್ತು. ಅವರು ಬಸ್ಸಿನ ಮೇಲೆ ಕೊಯೊವಾಕಾನ್ ಎಂದು ಬರೆದರು, ನೆಲಕ್ಕೆ ಬಿದ್ದ ಹುಡುಗಿಗೆ ತಮ್ಮ ಕೂಡುಹುಬ್ಬು ಇಟ್ಟರು, ಕೆಳಗೆ ಮಗಳನ್ನು ಉಳಿಸಿದ್ದಕ್ಕೆ ಕಾಲೊ ದಂಪತಿ ಮೇರಿ ಮಾತೆಗೆ ಕೃತಜ್ಞತೆ ಸಲ್ಲಿಸುತ್ತಿದ್ದಾರೆ ಎಂದು ಸೇರಿಸಿದರು. ಇನ್ನೊಬ್ಬರ ಹರಕೆ ಅಳಿಸಿ ತಮ್ಮದು ಮಾಡಿಕೊಂಡರು ಎಂದು ಬೈಯಬಹುದು. ಹರಕೆಚಿತ್ರದ ಒಳಗುಟ್ಟು ಅವರಷ್ಟು ಬಲ್ಲವರಿಲ್ಲ ಎಂದೂ ಹೇಳಬಹುದು. ನನಗೆ ಎರಡೂ ನಿಜ. ಆ ತಗಡು ಈಗ ಖಾಸಗಿ ಸಂಗ್ರಹದಲ್ಲಿದೆ.

ಅವರ ಸ್ವಂತ ಚಿತ್ರಗಳು ತಗಡಿನ ಬಗ್ಗೆ ಇನ್ನೂ ಹೆಚ್ಚು ಹೇಳುತ್ತವೆ. ಡೆಟ್ರಾಯಿಟ್‌ನಲ್ಲಿ ಗರ್ಭಪಾತವಾದ ಮೇಲೆ 1932ರಲ್ಲಿ ಬರೆದ ‘ಹೆನ್ರಿ ಫೋರ್ಡ್ ಆಸ್ಪತ್ರೆ’ ಲೋಹದ ಹಾಳೆಯ ಮೇಲಿನದು, ಸುಮಾರು 30x38 ಸೆಂಟಿಮೀಟರ್. ಹರಕೆಚಿತ್ರದ ಅಳತೆ, ಹರಕೆಚಿತ್ರದ ಖಾಲಿ ಆಕಾಶ. ಕಾಪಾಡುವ ಸಂತ ಮಾತ್ರ ಇಲ್ಲ. 1935ರ ‘ಕೆಲವೇ ಸಣ್ಣ ತಿವಿತಗಳು’ ಕೂಡ ಲೋಹದ ಮೇಲೆಯೇ. ಹೆಂಗಸೊಬ್ಬಳನ್ನು ಇರಿದು ಕೊಂದವನ ಸುದ್ದಿಯಿಂದ ಹುಟ್ಟಿದ ಚಿತ್ರ. ಮಂಚದ ಮೇಲೆ ಗಾಯಗಳಿಂದ ತುಂಬಿದ ಬೆತ್ತಲೆ ಮೈ, ಪಕ್ಕದಲ್ಲಿ ಹ್ಯಾಟು ಹಾಕಿದ ಗಂಡಸು, ಮೇಲೆ ಒಂದು ಕಪ್ಪು, ಒಂದು ಬಿಳಿ ಪಾರಿವಾಳ ಶೀರ್ಷಿಕೆಯ ಪಟ್ಟಿ ಹಿಡಿದಿವೆ. ಫ್ರಿಡಾ ಇದಕ್ಕೆ ಚೌಕಟ್ಟು ಹಾಕಿ, ಆ ಚೌಕಟ್ಟಿನ ಮೇಲೂ ಕೆಂಪು ಕಲೆ ಹಾಯಿಸಿದರು. ರಕ್ತ ಚಿತ್ರದ ಗೆರೆ ದಾಟಿ ಚೌಕಟ್ಟಿಗೆ, ಅಲ್ಲಿಂದ ನೋಡುವವನ ಕಡೆಗೆ ಬರುತ್ತದೆ. ಚೌಕಟ್ಟಿನ ಕೆಲಸವೇ ಚಿತ್ರವನ್ನು ಗೋಡೆಯಿಂದ, ನಮ್ಮಿಂದ ಬೇರ್ಪಡಿಸಿ ಸುರಕ್ಷಿತ ದೂರದಲ್ಲಿ ಇಡುವುದು. ಆ ಕೆಲಸವನ್ನು ಬೇಕೆಂದೇ ಕೆಡಿಸಿದ ಚೌಕಟ್ಟು ಇದು. ತಗಡಿಗೆ ಫ್ರೇಮು ಹಾಕಿಸಲೇಬೇಕೆಂದರೆ ಅದು ಚಿತ್ರದ ಪಕ್ಷ ವಹಿಸಬೇಕು, ಗೋಡೆಯ ಪಕ್ಷವನ್ನಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ಮೂರನೆಯ ಗೋಡೆ ಮ್ಯೂಸಿಯಂನದು. ಲಂಡನ್ನಿನ ವೆಲ್ಕಮ್ ಕಲೆಕ್ಷನ್‌ನಲ್ಲಿ 2011ರ ಅಕ್ಟೋಬರಿನಿಂದ 2012ರ ಫೆಬ್ರವರಿವರೆಗೆ ಮೆಕ್ಸಿಕೊದ ಪವಾಡಚಿತ್ರಗಳ ದೊಡ್ಡ ಪ್ರದರ್ಶನ ನಡೆಯಿತು. ನೂರಕ್ಕೂ ಹೆಚ್ಚು ಚಿತ್ರಗಳು. ಮೆಕ್ಸಿಕೊ ಸಿಟಿಯ ಸುತ್ತಲಿನ ಮ್ಯೂಸಿಯಂಗಳಿಂದ ಮಾತ್ರವಲ್ಲ, ಗ್ವಾನಾಹ್ವಾತೊ ಮತ್ತು ರಿಯಾಲ್ ದೆ ಕತೋರ್ಸೆಯ ಗುಡಿಗಳಿಂದಲೂ ಬಂದವು. ಜೊತೆಗೆ ಭಕ್ತರ ಸಂದರ್ಶನ, ಫೋಟೊ, ಚಲನಚಿತ್ರ. ವೈದ್ಯಕೀಯದ ಇತಿಹಾಸಕ್ಕೆ ಮೀಸಲಾದ ಸಂಸ್ಥೆಯೊಂದು ಇವನ್ನು ಕಾಯಿಲೆ, ಭಯ, ವಾಸಿಯಾಗುವಿಕೆಯ ದಾಖಲೆಗಳಾಗಿ ತೋರಿಸಿದ್ದು ನನ್ನ ಪ್ರಕಾರ ಬಹಳ ಸರಿಯಾದ ನಡೆ. ಜನಪದ ಕಲೆ ಎಂಬ ಹಣೆಪಟ್ಟಿಗಿಂತ ಅದು ತಗಡಿನ ಮೂಲ ಉದ್ದೇಶಕ್ಕೆ ಹತ್ತಿರ. ಬರಹವನ್ನು ಅನುವಾದಿಸಿ ಕೊಡುವುದು ಮ್ಯೂಸಿಯಂ ಮಾತ್ರ ಮಾಡಬಲ್ಲ ಉಪಕಾರ. ಗುಡಿಯ ಗೋಡೆ ತಾನಾಗಿ ಯಾರಿಗೂ ಏನನ್ನೂ ಓದಿ ಹೇಳುವುದಿಲ್ಲ.

ಪ್ರಶ್ನೆ ಇರುವುದು ಸಾಮಾನ್ಯವಾಗಿ ಮ್ಯೂಸಿಯಂಗಳು ಇಂಥ ತಗಡನ್ನು ಕೂರಿಸುವ ಕ್ರಮದಲ್ಲಿ. ಒಂದೊಂದಕ್ಕೂ ಸುತ್ತ ಬಿಳಿ ಗೋಡೆಯ ಬಯಲು, ಮೇಲೆ ಪುಟ್ಟ ದೀಪ, ಮುಂದೆ ಗಾಜು. ಲೋಹಕ್ಕೆ ಒಣ ಹವೆ ಒಳ್ಳೆಯದು, ಮುಟ್ಟುವ ಕೈಯ ಬೆವರು ಕೆಟ್ಟದ್ದು. ಈ ಲೆಕ್ಕಕ್ಕೆ ಗಾಜು ಬೇಕು ನಿಜ. ಕಳ್ಳರ ಭಯವೂ ನಿಜ. ಆದರೆ ಸುತ್ತ ಬಯಲು ಬಿಡಬೇಕೆಂದು ಯಾವ ತುಕ್ಕೂ ಕೇಳಿಲ್ಲ. ಒಂದೇ ದೊಡ್ಡ ಗಾಜಿನ ಹಿಂದೆ ಐವತ್ತು ತಗಡನ್ನು ಒತ್ತಾಗಿ ಕೂರಿಸಿದರೂ ಸಂರಕ್ಷಣೆ ಅಷ್ಟೇ ಆಗುತ್ತದೆ. ಒಂಟಿ ಮಾಡುವುದು ಅಭಿರುಚಿಯ ತೀರ್ಮಾನ, ಅದನ್ನು ವಿಜ್ಞಾನದ ಲೆಕ್ಕದಲ್ಲಿ ದಾಟಿಸಬಾರದು. ಒಂಟಿಯಾದ ಕೂಡಲೇ ಕಣ್ಣು ಕೈಚಳಕವನ್ನು ಹುಡುಕುತ್ತದೆ. ಕುದುರೆಯ ಕಾಲು ಸೊಟ್ಟ, ಮಂಚದ ಅಳತೆ ತಪ್ಪು, ಅಕ್ಷರದ ಕಾಗುಣಿತ ಕೆಟ್ಟದ್ದು ಎಂದು ಎಣಿಸಿ ‘ಎಷ್ಟು ಮುಗ್ಧ’ ಎಂದು ಮೆಚ್ಚಿಕೊಂಡು ಮುಂದೆ ಹೋಗುತ್ತೇವೆ. ಗುಂಪಿನಲ್ಲಿ ಯಾರೂ ಕುದುರೆಯ ಕಾಲು ನೋಡುವುದಿಲ್ಲ.

ಪುಸ್ತಕವೂ ಒಂದು ಬಗೆಯ ಗೋಡೆಯೇ. ಹೋರ್ಹೆ ದುರಾಂದ್ ಮತ್ತು ಡಗ್ಲಸ್ ಮ್ಯಾಸಿ ಅಮೆರಿಕಕ್ಕೆ ವಲಸೆ ಹೋದವರ ಹರಕೆಚಿತ್ರಗಳನ್ನು 1995ರಲ್ಲಿ ಪುಸ್ತಕವಾಗಿ ತಂದರು. ಗಡಿ ದಾಟುವಾಗ ಉಳಿದದ್ದು, ಕಾಗದಪತ್ರ ಸಿಕ್ಕಿದ್ದು, ಪರದೇಶದ ಆಸ್ಪತ್ರೆಯಲ್ಲಿ ಬದುಕಿದ್ದು, ಎಲ್ಲಕ್ಕೂ ಊರಿನ ದೇವರಿಗೆ ತಗಡು. ಸಮಾಜಶಾಸ್ತ್ರಜ್ಞರ ಕೈಯಲ್ಲಿ ಬರಹಕ್ಕೆ ಚಿತ್ರದಷ್ಟೇ ಮರ್ಯಾದೆ ಸಿಕ್ಕಿದ್ದು ಈ ಪುಸ್ತಕದ ಹೆಚ್ಚುಗಾರಿಕೆ. ತಗಡಿನತನ ಮಾತ್ರ ಕಾಗದದ ಮೇಲೆ ಬರುವುದಿಲ್ಲ.

ಮ್ಯೂಸಿಯಂಗಳ ಮೇಲೆ ನನ್ನ ಇನ್ನೊಂದು ತಕರಾರು ತಗಡಿನ ಬೆನ್ನಿನದು. ಎರ್ಮೆನೆಹಿಲ್ದೊ ಬುಸ್ತೋಸ್ (1832–1907) ಗ್ವಾನಾಹ್ವಾತೊ ರಾಜ್ಯದ ಪುರಿಸಿಮಾ ದೆಲ್ ರಿಂಕೋನ್ ಎಂಬ ಸಣ್ಣ ಊರಿನವರು. ಊರವರ ಭಾವಚಿತ್ರ, ಹರಕೆಚಿತ್ರ ಎರಡನ್ನೂ ಬರೆಯುತ್ತಿದ್ದ ಇವರ ಕೈಯಲ್ಲಿ ತಗಡಿನ ಮೇಲಿನ ಮುಖಗಳು ಎಷ್ಟು ನಿಖರ ಎಂದರೆ ಮುಂದೆ ಕವಿ ಒಕ್ಟಾವಿಯೊ ಪಾಜ್ ಅವರ ಮೇಲೆ ಪ್ರಬಂಧವನ್ನೇ ಬರೆದರು. 1891ರಲ್ಲಿ ಬುಸ್ತೋಸ್ ತಮ್ಮದೇ ಚಿತ್ರ ಬರೆದುಕೊಂಡು, ತಾನು ಈ ಊರಿನ ಮೂಲನಿವಾಸಿ ಇಂಡಿಯನ್ನನೆಂದೂ, ಕೈಲಾಗುತ್ತದೋ ನೋಡೋಣವೆಂದು ಬರೆದುಕೊಂಡೆನೆಂದೂ ತಗಡಿನ ಹಿಂಬದಿಯಲ್ಲಿ ಬರೆದಿಟ್ಟರು. ಇಡೀ ಮೆಕ್ಸಿಕನ್ ಚಿತ್ರಕಲೆಯಲ್ಲೇ ನನಗೆ ಬಹಳ ಇಷ್ಟವಾದ ಸಹಿ ಇದು, ಮತ್ತು ಗೋಡೆಗೆ ತೂಗುಹಾಕಿದ ಕ್ಷಣದಿಂದ ಯಾರಿಗೂ ಕಾಣದ ಸಹಿ. ತಗಡಿಗೆ ಎರಡು ಮೈ ಇವೆ, ಹಿಂಬದಿಯೂ ಬರೆಯಲು ತಕ್ಕ ನುಣುಪಾದ ಮೈಯೇ. ಅಲ್ಲಿ ಲೆಕ್ಕ, ಹೆಸರು, ಹಳೆಯ ಮೊಳೆಯ ಗುರುತು, ಕೆಲವೊಮ್ಮೆ ಅರ್ಧ ಬಿಟ್ಟ ಇನ್ನೊಂದು ಚಿತ್ರ ಸಿಗುವುದುಂಟು. ಗೋಡೆಯಿಂದ ಬಿಡಿಸಿ, ಎರಡೂ ಕಡೆ ಗಾಜಿರುವ ಕಪಾಟಿನಲ್ಲಿ ನಡುಕೋಣೆಯಲ್ಲಿ ನಿಲ್ಲಿಸುವುದು ಖರ್ಚಿನ ಬಾಬತ್ತು, ಎಲ್ಲಕ್ಕೂ ಆಗದು. ಬೆನ್ನಿನ ಫೋಟೊ ತೆಗೆದು ಪಕ್ಕದಲ್ಲಿ ಹಾಕಲು ಎಷ್ಟು ಖರ್ಚು?

ಇನ್ನು ಮನೆಯ ಗೋಡೆ. ಮೆಕ್ಸಿಕೊದಲ್ಲಿ ಆಲ್ಫ್ರೆದೊ ವಿಲ್ಚಿಸ್ ರೋಕೆ ಅವರಂಥ ಚಿತ್ರಗಾರರು ಇವತ್ತಿಗೂ ತಗಡಿನ ಮೇಲೆ ಪವಾಡಗಳನ್ನು ಬರೆಯುತ್ತಾರೆ. ಅವರಿಂದ ಕೊಂಡು ಮನೆಗೆ ತರುವವರು ಬಹಳ. ಪ್ರವಾಸಕ್ಕೆ ಹೋದ ಕನ್ನಡಿಗರ ಬ್ಯಾಗಿನಲ್ಲೂ ಒಂದೆರಡು ಬರುತ್ತವೆ. ಬಂದ ಕೂಡಲೇ ಫ್ರೇಮಿನಂಗಡಿಗೆ ಒಯ್ದು ಗಾಜು ಹಾಕಿಸುವುದು ನಮ್ಮ ಅಭ್ಯಾಸ. ಗಾಜು ಬಣ್ಣಕ್ಕೆ ಅಂಟಿಕೊಂಡು ಕೂತರೆ ಮಳೆಗಾಲದಲ್ಲಿ ನಡುವೆ ತೇವ ನಿಂತು ಬಣ್ಣ ಗಾಜಿಗೇ ಹತ್ತುತ್ತದೆ. ಹಾಕಿಸಲೇಬೇಕಿದ್ದರೆ ನಡುವೆ ಸಣ್ಣ ಪಟ್ಟಿ ಕೊಟ್ಟು ಗಾಳಿಯಾಡಲು ಬಿಡಬೇಕು. ಎರಡು ಬದಿಗೂ ಅಂಟಿರುವ ಸ್ಪಂಜಿನ ಟೇಪು ಎಲ್ಲಕ್ಕಿಂತ ಕೆಟ್ಟದ್ದು. ಬಿಡಿಸುವ ದಿನ ತಗಡು ಬಾಗುತ್ತದೆ, ಬಾಗಿದರೆ ಬಣ್ಣ ಹೋಯಿತು. ಹಿಂಬದಿಯ ಬರಹವಂತೂ ಟೇಪಿನ ಜೊತೆಗೇ ಬರುತ್ತದೆ.

ಮ್ಯಾಗ್ನೆಟ್ಟು ಈಚಿನ ಉಪಾಯ. ಕಬ್ಬಿಣದ ತಗಡಿಗೆ ಅದು ಒಗ್ಗುತ್ತದೆ. ತಾಮ್ರ, ಸತು, ಅಲ್ಯುಮಿನಿಯಂ ಹಾಳೆಗೆ ಹಿಡಿಯುವುದೇ ಇಲ್ಲ, ಆದ್ದರಿಂದ ಮೊದಲೇ ಪರೀಕ್ಷಿಸಿ ನೋಡುವುದು ಒಳ್ಳೆಯದು. ಮ್ಯಾಗ್ನೆಟ್ಟನ್ನು ಗೋಡೆಗೆ ಕೂರಿಸಿ ತಗಡಿನ ಬೆನ್ನನ್ನು ಅದಕ್ಕೆ ತಾಗಿಸಿದರೆ ಹೊಸ ತೂತು ಬೇಡ, ಮುಂದಿನಿಂದ ಏನೂ ಕಾಣುವುದಿಲ್ಲ, ತಗಡು ಗಾಳಿಯಲ್ಲಿ ನಿಂತ ಹಾಗಿರುತ್ತದೆ. ಕಣ್ಣಿಗೆ ಬಹಳ ಚೆಂದ. ಬಲವಾದ ಮ್ಯಾಗ್ನೆಟ್ಟಾದರೆ ತಗಡು ಫಟ್ಟೆಂದು ಬಡಿದು ಕೂರುತ್ತದೆ, ಹಳೆಯ ಬಣ್ಣಕ್ಕೆ ಆ ಏಟು ತಡೆಯದು. ಹೊಸ ತಗಡಿಗೆ ಸರಿ, ನೂರು ವರ್ಷದ್ದಕ್ಕೆ ಬೇಡ. ನನ್ನ ಓಟು ಹಳೆಯ, ಯಾರೂ ಜಾಹೀರಾತು ಕೊಡದ ಎರಡು ವಿಧಾನಗಳಿಗೆ. ಒಂದು, ಗೋಡೆಗೆ ಹೊಡೆದ ಕಿರಿದಾದ ಮರದ ಪಟ್ಟಿಯಲ್ಲಿ ತೋಡು ಕೊರೆದು ತಗಡಿನ ಕೆಳಅಂಚನ್ನು ಅದರೊಳಗೆ ನಿಲ್ಲಿಸುವುದು. ಇನ್ನೊಂದು, ಕೆಳಗೆ ಎರಡು, ಮೇಲೆ ಒಂದು ಅಥವಾ ಎರಡು ಪುಟ್ಟ ಹಿತ್ತಾಳೆ ಕೊಕ್ಕೆ, ತಗಡು ತಾಗುವ ಕಡೆ ಮೆತ್ತಗಿನ ಬಟ್ಟೆ. ಎರಡರಲ್ಲೂ ಗೋಡೆಗೂ ತಗಡಿಗೂ ನಡುವೆ ಬೆರಳಗಲ ಸಂದು ಇರಬೇಕು. ಮಂಗಳೂರಿನಿಂದ ಕಾರವಾರದವರೆಗಿನ ಮನೆಗಳಲ್ಲಿ ಜೂನ್ ತಿಂಗಳ ಗೋಡೆ ಮುಟ್ಟಿ ನೋಡಿದವರಿಗೆ ಯಾಕೆಂದು ವಿವರಿಸಬೇಕಿಲ್ಲ. ಈ ಸಂದಿನಿಂದ ಇನ್ನೊಂದು ಲಾಭ: ಅಂಚು ಕಾಣುತ್ತದೆ. ಅಂಚು ಕಂಡರೆ ತಗಡು ಎಷ್ಟು ತೆಳು ಎಂದು ಕಾಣುತ್ತದೆ, ಗೋಡೆಯ ಮೇಲೆ ಅದರ ಸಣ್ಣ ನೆರಳು ಬೀಳುತ್ತದೆ.

ಗೋಡೆಗೇರುವ ಲೋಹದ ಹಾಳೆಗಳೇ ಆದರೂ ಹಳೆಯ ಸೋಪು, ಟೀಪುಡಿ ಜಾಹೀರಾತಿನ ಎನಾಮಲ್ ಬೋರ್ಡುಗಳಿಗೆ ಈ ಮಾತೆಲ್ಲ ಅನ್ವಯಿಸದು. ಬೆಂಗಳೂರಿನ ಕಾಫಿ ಅಂಗಡಿಗಳ ಗೋಡೆಗಳಲ್ಲಿ ಈಗ ಅವಕ್ಕೆ, ಅವುಗಳ ನಕಲಿಗೆ ಭಾರಿ ಗಿರಾಕಿ. ಅವು ಬಯಲಲ್ಲಿ ಬಿಸಿಲುಮಳೆ ತಿನ್ನಲೆಂದೇ ಹುಟ್ಟಿದವು, ಉಕ್ಕಿನ ಮೇಲೆ ಕರಗಿಸಿ ಕೂರಿಸಿದ ಗಾಜು ಅವುಗಳ ಬಣ್ಣ, ಮೂಲೆಯ ತೂತುಗಳು ಕಾರ್ಖಾನೆಯಲ್ಲೇ ಕೊರೆದವು. ಸ್ಕ್ರೂಗೆ ರಬ್ಬರ್ ವಾಷರ್ ಹಾಕಿ, ಅತಿ ಬಿಗಿ ಮಾಡದಿದ್ದರೆ ಸಾಕು; ಬಿಗಿ ಹೆಚ್ಚಾದರೆ ತೂತಿನ ಸುತ್ತ ಎನಾಮಲ್ ಚಕ್ಕೆ ಏಳುತ್ತದೆ. 

ಹರಕೆಯ ತಗಡಿಗೆ ಮರಳಿ ಒಂದು ಮಾತು, ಎತ್ತರದ ಬಗ್ಗೆ. ಗ್ಯಾಲರಿಗಳಲ್ಲಿ ಚಿತ್ರದ ನಡುಭಾಗ ನೆಲದಿಂದ ಸುಮಾರು ಐದಡಿಗೆ ಬರುವಂತೆ ತೂಗುಹಾಕುವುದು ರೂಢಿ. ಕ್ಯಾನ್ವಾಸಿಗೆ ಅದು ಸರಿ, ಅಲ್ಲಿ ನೋಡಬೇಕಾದದ್ದು ನಡುವೆ ಇರುತ್ತದೆ. ಹರಕೆಚಿತ್ರದಲ್ಲಿ ಓದಬೇಕಾದದ್ದು ಕೆಳಗಿನ ಕಾಲುಭಾಗದಲ್ಲಿದೆ. ಅಕ್ಷರ ಸಣ್ಣದು, ಸಾಲು ಓರೆ, ಕೆಲವೊಮ್ಮೆ ಜಾಗ ಸಾಲದೆ ಕೊನೆಯ ಪದ ಅಂಚಿಗೆ ತಿರುಗಿಕೊಂಡಿರುತ್ತದೆ. ಆ ಬರಹವನ್ನು ಕಣ್ಣಿನ ಮಟ್ಟಕ್ಕೆ ತಂದರೆ ಸಂತ ಹಣೆಗಿಂತ ಮೇಲೆ ಹೋಗುತ್ತಾನೆ, ನೋಡುವವನು ತುಸು ತಲೆ ಎತ್ತಬೇಕಾಗುತ್ತದೆ. ಸಂತನ ಜಾಗ ಚಿತ್ರದೊಳಗೂ ಅದೇ. ಒಂದೇ ತಗಡು ಇದ್ದರೆ ಹೀಗೆ ಮಾಡುವುದು ಸುಲಭ. ಐವತ್ತು ಇದ್ದರೆ ಆಗದು, ಆಗ ಗುಂಪಿಗೋಸ್ಕರ ಓದನ್ನು ಬಿಟ್ಟುಕೊಡಬೇಕು. ಹತ್ತು ಹನ್ನೆರಡು ಇದ್ದವರು ಎರಡು ಸಾಲಿನಲ್ಲಿ, ಅಂಚಿಗೆ ಅಂಚು ತಾಗುವಷ್ಟು ಹತ್ತಿರ, ಮೇಲಿನ ಸಾಲಿನ ಬರಹ ಕಣ್ಣಿಗೆ ಸಮವಾಗಿ ಹಾಕಲಿ. ಕೆಳಸಾಲಿನದಕ್ಕೆ ಬಗ್ಗಿ ಓದಬಹುದು.